ಕಡತವಿಲ್ಲದ ಸವಾರ

ಪ್ಯಾರಮಟ್ಟಾ ರೈಲು ನಿಲ್ದಾಣದಿಂದ ಹೊರಬಂದು ಸ್ಮಿತ್ ಸ್ಟ್ರೀಟಿನ ಕಡೆಗೆ ಸ್ವಲ್ಪ ದೂರ ನಡೆದರೆ, ಎತ್ತರದ ಗಾಜಿನ ಕಟ್ಟಡಗಳ ನಡುವೆ ಒಂದು ಹಳೆಯ ಸೇನಾ ಆವರಣ ಎದುರಾಗುತ್ತದೆ. ಅದರ ಹೆಸರು ಲ್ಯಾನ್ಸರ್ ಬ್ಯಾರಕ್ಸ್. ಗವರ್ನರ್ ಮಕ್ವಾರಿಯ ಕಾಲದಲ್ಲಿ ಆರಂಭವಾಗಿ 1820ರಲ್ಲಿ ಮುಗಿದ ಈ ಕಟ್ಟಡ ಇಂದಿಗೂ ಸೇನೆಯ ಬಳಕೆಯಲ್ಲಿದೆ; ರಾಯಲ್ ನ್ಯೂ ಸೌತ್ ವೇಲ್ಸ್ ಲ್ಯಾನ್ಸರ್ಸ್ ಎಂಬ ದಳದ ಮನೆ ಅದು. ವೆಸ್ಟ್‌ಮೀಡ್, ವೆಂಟ್ವರ್ತ್‌ವಿಲ್, ಟೂಂಗಾಬಿ, ಹ್ಯಾರಿಸ್ ಪಾರ್ಕ್‌ಗಳಲ್ಲಿ ನೆಲೆ ನಿಂತ ಕನ್ನಡಿಗರು ಕೆಲಸಕ್ಕೆ ಹೋಗಿಬರುವ ದಾರಿ ಇದರ ಮಗ್ಗುಲಿನಲ್ಲೇ ಇದೆ. ಲ್ಯಾನ್ಸರ್ ಎಂದರೆ ಈಟಿ ಹಿಡಿದ ಸವಾರ. ಅಂಥದೇ ಇನ್ನೊಂದು ದಳ ಬೆಂಗಳೂರಿನಿಂದ ಹೊರಟು, ಈ ಪ್ಯಾರಮಟ್ಟಾದ ದಳದಲ್ಲಿ ಪಳಗಿದವರು ಕಾದಾಡಿದ ಕಣಿವೆಯಲ್ಲೇ ಕಾದಾಡಿತ್ತೆಂಬ ಸಂಗತಿ ಆ ದಾರಿಯಲ್ಲಿ ನಡೆಯುವವರ ನೆನಪಿನಲ್ಲಿ ಹೆಚ್ಚಾಗಿ ಇಲ್ಲ.

ಪ್ರತಿ ವರ್ಷ ಏಪ್ರಿಲ್ 25ರ ನಸುಕಿನಲ್ಲಿ ಸಿಡ್ನಿ, ಮೆಲ್ಬರ್ನ್‌ಗಳ ಯುದ್ಧ ಸ್ಮಾರಕಗಳ ಮುಂದೆ ಜನ ಮೌನವಾಗಿ ನಿಲ್ಲುತ್ತಾರೆ. ವಲಸೆ ಬಂದ ಮನೆಗಳ ಮಕ್ಕಳೂ ಶಾಲೆಯ ಸಮವಸ್ತ್ರ ತೊಟ್ಟು ಅಲ್ಲಿರುತ್ತಾರೆ. ಆ ಮಕ್ಕಳು ಮನೆಗೆ ಬಂದು ಕೇಳುವ ಪ್ರಶ್ನೆ ಸರಳವಾದುದು: ಆ ಯುದ್ಧದಲ್ಲಿ ನಮ್ಮ ಊರಿನವರು ಇದ್ದರೇ? ಇದ್ದರು ಎಂಬ ಉತ್ತರ ಸುಲಭ. ಅವರು ಯಾರು, ಹೇಗೆ ಬದುಕಿದರು, ಊರಿಗೆ ಮರಳಿದವರ ಗತಿ ಏನಾಯಿತು ಎಂಬ ಮುಂದಿನ ಪ್ರಶ್ನೆಗೆ ಕನ್ನಡದ ಮನೆಗಳಲ್ಲಿ ಉತ್ತರ ಸಿಗದು. ಈ ಅಂತರವನ್ನು ಕುರಿತು ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ.

ಆಸ್ಟ್ರೇಲಿಯಾ ತನ್ನ ಸೈನಿಕನನ್ನು ಹೇಗೆ ನೆನೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಐವತ್ತು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯಿದ್ದ ಈ ದೇಶದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೇನೆಗೆ ಸೇರಿದರು. ಅವರಲ್ಲಿ ಸುಮಾರು ಅರವತ್ತು ಸಾವಿರ ಮಂದಿ ಮರಳಲಿಲ್ಲ. ಅಂದಿನ ಸೈನಿಕರ ಸುಮಾರು 3,76,000 ಕಡತಗಳನ್ನು ರಾಷ್ಟ್ರೀಯ ಪತ್ರಾಗಾರ ಕಾಪಾಡಿಕೊಂಡು, ಪುಟಪುಟವನ್ನೂ ಡಿಜಿಟಲ್ ರೂಪಕ್ಕೆ ತಂದು, ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಒಂದು ಕಡತವನ್ನು ತೆರೆದರೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ವಯಸ್ಸು, ಕಸುಬು, ಎತ್ತರ, ಎದೆಯ ಸುತ್ತಳತೆ, ಕಣ್ಣಿನ ಬಣ್ಣ, ತಾಯಿಯ ವಿಳಾಸ; ರಜೆ ಮುಗಿದ ಮೇಲೂ ದಳಕ್ಕೆ ಮರಳದೆ ಸಂಬಳ ಕಡಿತಗೊಂಡ ದಾಖಲೆ; ಜ್ವರ, ಭೇದಿ, ಗುಹ್ಯರೋಗಕ್ಕೆ ಆಸ್ಪತ್ರೆ ಸೇರಿದ ದಿನಗಳು; ಕೊನೆಗೆ ಒಂದು ತಂತಿ, ಅದರ ಬೆನ್ನಿಗೆ ಮಗನ ಸಾಮಾನು ಕಳಿಸಿ ಎಂದು ಮನೆಯವರು ಬರೆದ ಕಾಗದಗಳು. ಅಲ್ಲಿ ವೀರನೂ ಇದ್ದಾನೆ, ಹೆದರಿದವನೂ ಇದ್ದಾನೆ, ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಸೇರಿದ ಹುಡುಗನೂ ಇದ್ದಾನೆ.

ಮೆಲ್ಬರ್ನಿನಲ್ಲಿ ಹುಟ್ಟಿದ ವೆರಾ ಡೀಕಿನ್ ಎಂಬ ತರುಣಿ 1915ರಲ್ಲಿ ಕೈರೋ ನಗರಕ್ಕೆ ಹೋಗಿ, ರೆಡ್ ಕ್ರಾಸಿನ ಅಡಿಯಲ್ಲಿ ಗಾಯಾಳುಗಳನ್ನೂ ಕಾಣೆಯಾದವರನ್ನೂ ವಿಚಾರಿಸುವ ಕಚೇರಿಯೊಂದನ್ನು ತೆರೆದಳು. ದೇಶದ ಪ್ರಧಾನಿಯಾಗಿದ್ದ ಆಲ್ಫ್ರೆಡ್ ಡೀಕಿನ್ ಅವರ ಮಗಳಾದ ಆಕೆಯ ಕಚೇರಿ ಮುಂದೆ ಲಂಡನ್ನಿಗೆ ಸಾಗಿತು. ಸತ್ತವನ ಜೊತೆಗಾರರನ್ನು ಹುಡುಕಿ, ಅವನು ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಬಿದ್ದ ಎಂದು ಕೇಳಿ ಬರೆದುಕೊಂಡು ಮನೆಯವರಿಗೆ ತಿಳಿಸುವುದು ಅದರ ಕೆಲಸ. ಅಂಥ ಸುಮಾರು 32,000 ಕಡತಗಳು ಉಳಿದಿವೆ. ಪ್ರಭುತ್ವಕ್ಕೆ ಒಂದು ಸಂಖ್ಯೆ ಸಾಕಿತ್ತು. ಒಬ್ಬೊಬ್ಬನ ಸಾವಿನ ವಿವರವನ್ನು ಕೇಳಿದವರು ತಾಯಂದಿರು. ಆ ಕೇಳಿಕೆಗೆ ಕಿವಿಗೊಡುವ ಒಂದು ವ್ಯವಸ್ಥೆಯೂ ಇತ್ತು.

ಇನ್ನು ಬೆಂಗಳೂರಿನಿಂದ ಹೊರಟ ದಳ. ಯುದ್ಧ ಆರಂಭವಾದೊಡನೆ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ನೀಡಿದರು. ಮೈಸೂರು ಲ್ಯಾನ್ಸರ್ಸ್ ಅಶ್ವದಳವನ್ನು ಸಾಗರದಾಚೆಗೆ ಕಳಿಸಿದರು. ಜೋಧಪುರ, ಹೈದರಾಬಾದುಗಳ ಸವಾರರೊಂದಿಗೆ ಅದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನ ಭಾಗವಾಯಿತು. ಮೊದಲು ಸೂಯೆಜ್ ಕಾಲುವೆಯ ಕಾವಲು, ಬಳಿಕ ಸಿನಾಯ್ ಮರಳುಗಾಡು, ಕೊನೆಗೆ ಪ್ಯಾಲೆಸ್ತೀನ್. 1918ರಲ್ಲಿ ಆ ಬ್ರಿಗೇಡ್ ಇದ್ದದ್ದು ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿ. ಅದರ ದಂಡನಾಯಕ ಹ್ಯಾರಿ ಶೊವೆಲ್ ನ್ಯೂ ಸೌತ್ ವೇಲ್ಸಿನಲ್ಲಿ ಹುಟ್ಟಿದವನು. ಪ್ಯಾರಮಟ್ಟಾದ ಲ್ಯಾನ್ಸರುಗಳು ದಳವಾಗಿ ಹೊರದೇಶಕ್ಕೆ ಹೋಗಲಿಲ್ಲ. ಅವರಲ್ಲಿ ಅನೇಕರು 1ನೇ ಲೈಟ್ ಹಾರ್ಸ್ ರೆಜಿಮೆಂಟಿಗೆ ಸೇರಿ ಗ್ಯಾಲಿಪೊಲಿಯನ್ನು ಕಂಡು, ಅದೇ ಪ್ಯಾಲೆಸ್ತೀನಿಗೆ ಬಂದಿದ್ದರು.

1918ರ ಬೇಸಿಗೆಯಲ್ಲಿ ಈ ಎರಡೂ ಕಡೆಯ ಸವಾರರು ಜೋರ್ಡಾನ್ ಕಣಿವೆಯಲ್ಲಿದ್ದರು. ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿರುವ ಕಣಿವೆ ಅದು; ಸುಡುವ ಬಿಸಿಲು, ಕಣ್ಣು ಮುಚ್ಚಿಸುವ ಧೂಳು, ಮಲೇರಿಯಾ. ಜುಲೈ 14ರ ನಸುಕಿನಲ್ಲಿ ಜರ್ಮನ್ ಮತ್ತು ಆಟೊಮನ್ ಪಡೆಗಳು ಅಬು ತೆಲ್ಲುಲ್ ಎಂಬಲ್ಲಿ ದಾಳಿ ಮಾಡಿದವು. 1ನೇ ಲೈಟ್ ಹಾರ್ಸ್ ಬ್ರಿಗೇಡ್ ಎದುರು ದಾಳಿ ನಡೆಸಿ ಕಳೆದುಕೊಂಡ ನೆಲೆಗಳನ್ನು ಮರಳಿ ಪಡೆಯಿತು. ಅದೇ ದಿನ, ಅದೇ ಕಣಿವೆಯಲ್ಲಿ, ಜೋರ್ಡಾನ್ ನದಿಯ ಎಲ್ ಹಿನು ಹಾಯ್ಗಡದ ಬಳಿ ಜೋಧಪುರ ಮತ್ತು ಮೈಸೂರಿನ ಸವಾರರು ಈಟಿ ಹಿಡಿದು ಆಟೊಮನ್ ಅಶ್ವಸೇನೆಯ ಮೇಲೆ ನುಗ್ಗಿದರು. ಒಂದೇ ಸೂರ್ಯ, ಒಂದೇ ನೀರಡಿಕೆ, ಒಂದೇ ಸಾಮ್ರಾಜ್ಯದ ಆಜ್ಞೆ. ಆ ದಿನ ಅಬು ತೆಲ್ಲುಲ್‌ನಲ್ಲಿ ಹೋರಾಡಿದ ಆಸ್ಟ್ರೇಲಿಯಾದ ಸವಾರನ ಎದೆಯ ಸುತ್ತಳತೆಯನ್ನು ಇಂದು ಮನೆಯಲ್ಲಿ ಕುಳಿತೇ ತಿಳಿಯಬಹುದು. ಎಲ್ ಹಿನು ಬಳಿ ನುಗ್ಗಿದ ಮೈಸೂರಿನ ಸವಾರನ ಊರು ಯಾವುದು, ಅವನಿಗೆ ಓದು ಬರುತ್ತಿತ್ತೇ, ಅವನ ಹೆಂಡತಿ ಯಾವಾಗ ಸುದ್ದಿ ಕೇಳಿದಳು ಎಂದು ತಿಳಿಯಲು ಅಂಥ ದಾರಿಯಿಲ್ಲ.

ಮೈಸೂರು ಲ್ಯಾನ್ಸರ್ಸ್ ಎಂದೊಡನೆ ನೆನಪಾಗುವುದು ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಮೈಯನ್ನೇರಿ ಫಿರಂಗಿಗಳತ್ತ ಸಾಗಿದರು. ಜೋಧಪುರದವರು ಕೆಳಗಿನಿಂದ ಪಟ್ಟಣಕ್ಕೆ ನುಗ್ಗಿದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕರು. ದಾಳಿ ಮಾಡಿದವರಲ್ಲಿ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು. ಆ ಗೆಲುವು ಸೇನಾ ಚರಿತ್ರೆಯಲ್ಲಿ ನಿಂತಿತು. ಆದರೆ ಅದಾದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅದೇ ಸವಾರರನ್ನು ಅಲೆಪ್ಪೊ ನಗರದ ಹೊರಗಿನ ಹರಿತಾನ್ ಎಂಬಲ್ಲಿ ತಮಗಿಂತ ಬಹು ದೊಡ್ಡ ಪಡೆಯೊಂದರ ಮೇಲೆ ನುಗ್ಗಿಸಲಾಯಿತು. ಅಂದು 21 ಮಂದಿ ಸತ್ತರು, 56 ಮಂದಿ ಗಾಯಗೊಂಡರು, ಮೂವರು ಕಾಣೆಯಾದರು. ನಾಲ್ಕೇ ದಿನಗಳಲ್ಲಿ ಆಟೊಮನ್ ಸಾಮ್ರಾಜ್ಯ ಕದನವಿರಾಮಕ್ಕೆ ಸಹಿ ಹಾಕಿತು. ಹೈಫಾದ ಎರಡೂವರೆ ಪಟ್ಟು ಸಾವನ್ನು ಕಂಡ ಹರಿತಾನಿನ ಹೆಸರಿನಲ್ಲಿ ಹೈಫಾ ದಿನದಂಥ ಉತ್ಸವವಿಲ್ಲ. ಗೆದ್ದ ಕಾಳಗವನ್ನು ನೆನೆದು, ವ್ಯರ್ಥವಾದ ಕಾಳಗವನ್ನು ಮರೆಯುವ ನೆನಪು ಸೈನಿಕನ ನೆನಪಲ್ಲ. ಅದು ಅವನನ್ನು ಕಳಿಸಿದವರ ನೆನಪು.

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಲೆನರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ರೂಪಿಸಿದ ಆ ಪ್ರತಿಮೆಗಳು 1922ರಿಂದ ಅಲ್ಲಿವೆ. ಆ ಸೈನಿಕ ಯಾರದೋ ಮಗನಲ್ಲ, ಯಾವ ಊರಿನವನೂ ಅಲ್ಲ. ಒಂದು ಸಂಸ್ಥಾನದ ಗುರುತು ಮಾತ್ರ. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಾಗ ಆ ವೃತ್ತಕ್ಕೆ ಹೈಫಾದ ಹೆಸರನ್ನು ಸೇರಿಸಲಾಯಿತು. ಸತ್ತು ನೂರು ವರ್ಷವಾದ ಮೇಲೆ ಆ ಸವಾರನನ್ನು ಎರಡನೆಯ ಬಾರಿ ಸೇನೆಗೆ ಸೇರಿಸಿಕೊಂಡಂತಾಯಿತು. ಈ ಬಾರಿಯೂ ಅವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅವನು ಕುದುರೆ ಓಡಿಸಿದ ನೆಲದಲ್ಲಿ ಬದುಕಿದ್ದ ಪ್ಯಾಲೆಸ್ತೀನಿಯರ ಮಾತಂತೂ ಅಂಥ ಸಮಾರಂಭಗಳಲ್ಲಿ ಏಳುವುದೇ ಇಲ್ಲ.

ಹೆಸರುಗಳೇ ಉಳಿದಿಲ್ಲವೆಂದಲ್ಲ. ಈಜಿಪ್ಟ್, ಪ್ಯಾಲೆಸ್ತೀನ್ ರಂಗಗಳಲ್ಲಿ ಮಡಿದ ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫಿಕ್‌ನಲ್ಲಿ ಒಂದು ಸ್ಮಾರಕವಿತ್ತು. ಸುಮಾರು ನಾಲ್ಕು ಸಾವಿರ ಮಂದಿಯ ಆ ಸ್ಮಾರಕ ಮುಂದೆ ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಕಾಳಗಗಳಲ್ಲಿ ಹಾಳಾಯಿತು. 1980ರಲ್ಲಿ ಹೆಸರುಗಳನ್ನು ಕೈರೋ ಬಳಿಯ ಹೀಲಿಯೊಪೊಲಿಸ್ ಸ್ಮಶಾನಕ್ಕೆ ಸಾಗಿಸಲಾಯಿತು. ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ತನ್ನದೇ ತಪ್ಪನ್ನು ಒಪ್ಪಿಕೊಂಡ ವರದಿಯನ್ನು ಹೊರತಂದಿತು. ಬಿಳಿಯ ಸೈನಿಕರಿಗೆ ಸಿಕ್ಕ ಮರ್ಯಾದೆ ಭಾರತ, ಆಫ್ರಿಕಾ ಮೊದಲಾದ ಕಡೆಗಳ 45,000ದಿಂದ 54,000 ಮಂದಿಗೆ ಸಮಾನವಾಗಿ ಸಿಗಲಿಲ್ಲ. ಕನಿಷ್ಠ 1,16,000 ಮಂದಿಯ ಹೆಸರನ್ನೇ ಕೆತ್ತಲಿಲ್ಲ ಎಂದು ಆ ವರದಿ ಹೇಳಿತು. ಬ್ರಿಟಿಷ್ ಭಾರತದ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ, ಆಸ್ಟ್ರೇಲಿಯಾದ ಸೈನಿಕನಿಗೆ ದಿನಕ್ಕೆ ಆರು ಷಿಲಿಂಗ್. ಬದುಕಿದ್ದಾಗ ಇದ್ದ ಅಂತರ ಮಣ್ಣಾದ ಮೇಲೂ ಮುಂದುವರಿಯಿತು. ದಳದೊಂದಿಗೆ ಹೋದ ಕುದುರೆ ಆಳುಗಳು, ಅಡುಗೆಯವರು, ನೀರು ಹೊರುವವರ ಪಾಡನ್ನಂತೂ ಕೇಳುವವರಿಲ್ಲ.

ಒಂದು ಹೋಲಿಕೆ ಮನಸ್ಸನ್ನು ಚುಚ್ಚುತ್ತದೆ. ಯುದ್ಧಕ್ಕಾಗಿ ಆಸ್ಟ್ರೇಲಿಯಾದಿಂದ ಒಂದು ಲಕ್ಷಕ್ಕೂ ಹೆಚ್ಚು ಕುದುರೆಗಳು ಹಡಗೇರಿದವು; ಮರಳಿ ಬಂದದ್ದು ಒಂದೇ. ಗ್ಯಾಲಿಪೊಲಿಯಲ್ಲಿ ಗಾಯಗೊಂಡು ಮಡಿದ ಜನರಲ್ ಬ್ರಿಜಸ್‌ನ ಆ ಕುದುರೆಯ ಹೆಸರು ಸ್ಯಾಂಡಿ. 1918ರಲ್ಲಿ ಅದು ಮೆಲ್ಬರ್ನಿಗೆ ಬಂದಿಳಿಯಿತು. ಕುದುರೆಗೂ ಹೆಸರಿದೆ, ಕಥೆಯಿದೆ. ಇದರಲ್ಲಿ ನಗುವಂಥದ್ದೇನಿಲ್ಲ. ಕನ್ನಡ ನಾಡೂ ಒಂದು ಕಾಲಕ್ಕೆ ಹೀಗೆಯೇ ನೆನೆಯುತ್ತಿತ್ತು. ಮಂಡ್ಯ ಸೀಮೆಯ ಆತಕೂರಿನಲ್ಲಿ, ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನೆಟ್ಟು ಶಾಸನ ಕೆತ್ತಿಸಿದರು. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದು ಬೇಗೂರಿನ ಒಂದು ವೀರಗಲ್ಲಿನಲ್ಲಿ. ಅದು ಆ ಊರಿನ ಕಾಳಗದಲ್ಲಿ ಸತ್ತ ಒಬ್ಬನ ನೆನಪಿಗೆ ನೆಟ್ಟದ್ದು. ತುರು ಕಾಯಲು ಹೋಗಿ ಸತ್ತವನು, ಊರಿನ ಅಳಿವಿನಲ್ಲಿ ಬಿದ್ದವನು, ಹೆಣ್ಣುಮಕ್ಕಳ ಮಾನಕ್ಕಾಗಿ ಕಾದಿದವನು: ಇಂಥವನು, ಇಂಥ ಊರಿನವನು, ಇದಕ್ಕಾಗಿ ಸತ್ತ ಎಂದು ಸಾಮಾನ್ಯನ ಹೆಸರನ್ನು ಕಲ್ಲಿಗೆ ಬರೆದ ನಾಡು ಅದು. ಊರೂರಿನ ಹೊರಗೆ ಆ ಕಲ್ಲುಗಳು ಇಂದಿಗೂ ನಿಂತಿವೆ. ಅಂಥ ನಾಡು ನೂರು ವರ್ಷದ ಹಿಂದಿನ ತನ್ನ ಸವಾರನನ್ನು ಒಂದು ರೆಜಿಮೆಂಟಿನ ಹೆಸರಿನೊಳಗೆ ಕರಗಿಸಿಬಿಟ್ಟಿದೆ. ವೀರಗಲ್ಲಿನ ಪಕ್ಕದಲ್ಲಿ ಮಾಸ್ತಿಕಲ್ಲೂ ಇತ್ತೆಂಬುದನ್ನು ಮರೆಯುವಂತಿಲ್ಲ; ಗಂಡಸಿನ ಕೀರ್ತಿಗೆ ಹೆಂಗಸು ತೆತ್ತ ಬೆಲೆಯನ್ನೂ ಆ ಕಲ್ಲುಗಳೇ ಹೇಳುತ್ತವೆ.

ಆಸ್ಟ್ರೇಲಿಯಾದ ಕಡತಗಳ ಮನೆಯನ್ನು ಕಂಡು ಮರುಳಾಗಬೇಕಾಗಿಯೂ ಇಲ್ಲ. ಅದು ಯಾರನ್ನು ಎಣಿಸಿತು, ಯಾರನ್ನು ಬಿಟ್ಟಿತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಶಿಮ್ಲಾದಲ್ಲಿ ಹುಟ್ಟಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೂಲಿ ಮಾಡುತ್ತಿದ್ದ ನೈನ್ ಸಿಂಗ್ ಸೈಲಾನಿ 44ನೇ ಬೆಟಾಲಿಯನ್ನಿಗೆ ಸೇರಿ 1917ರ ಜೂನ್‌ನಲ್ಲಿ ಬೆಲ್ಜಿಯಮ್ಮಿನಲ್ಲಿ ಸತ್ತ. ಅವನಿಗೊಂದು ಕಡತವಿದೆ, ಸಮಾಧಿಯಿದೆ. ಅವನು ಎಣಿಸುವ ಸೇನೆಯೊಂದರಲ್ಲಿ ಸತ್ತದ್ದೇ ಅದಕ್ಕೆ ಕಾರಣ. ಅವನನ್ನು ಯುದ್ಧಕ್ಕೆ ಬೇಕೆಂದ ದೇಶವೇ 1901ರ ವಲಸೆ ನಿರ್ಬಂಧ ಕಾಯ್ದೆಯಿಂದ ಅವನಂಥವರಿಗೆ ಬಾಗಿಲು ಮುಚ್ಚಿತ್ತು.

ಡಗ್ಲಸ್ ಗ್ರ್ಯಾಂಟ್‌ನ ಬದುಕು ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿ ಮಗು ಆತ. ಹೆತ್ತವರನ್ನು ಕಳೆದುಕೊಂಡು, ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ದುಡಿಯುತ್ತಿದ್ದ ರಾಬರ್ಟ್ ಗ್ರ್ಯಾಂಟ್ ಎಂಬ ಸ್ಕಾಟಿಷ್ ಮನುಷ್ಯನ ಮನೆಯಲ್ಲಿ ಬೆಳೆದ. ನಕ್ಷೆ ಬರೆಯುವ ಕಸುಬು ಕಲಿತ. 1916ರಲ್ಲಿ ಸೇನೆಗೆ ಸೇರಿದಾಗ, ಮೂಲನಿವಾಸಿಗಳು ದೇಶ ಬಿಡಬಾರದೆಂಬ ನಿಯಮದಿಂದ ಅವನನ್ನು ಬಿಡುಗಡೆ ಮಾಡಿದರು. ಮತ್ತೆ ಸೇರಿದ. 1917ರ ಏಪ್ರಿಲ್‌ನಲ್ಲಿ ಬುಲೆಕೂರ್ ಕಾಳಗದಲ್ಲಿ ಗಾಯಗೊಂಡು ಜರ್ಮನರ ಸೆರೆಯಾದ. ಬರ್ಲಿನ್ ಬಳಿಯ ಶಿಬಿರದಲ್ಲಿ ಜರ್ಮನ್ ವಿದ್ವಾಂಸರು ಅವನನ್ನು ಅಳೆದು ನೋಡಿದರು. ಸೆರೆಯಲ್ಲಿದ್ದವರು ಮಾತ್ರ ಅವನ ಪ್ರಾಮಾಣಿಕತೆಯನ್ನು ನಂಬಿ, ರೆಡ್ ಕ್ರಾಸಿನಿಂದ ಬಂದ ಆಹಾರದ ಪೊಟ್ಟಣಗಳನ್ನು ಹಂಚುವ ಸಮಿತಿಗೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದರು. ಭಾರತೀಯ ಸೆರೆಯಾಳುಗಳು ಅನೇಕರಿದ್ದ ಶಿಬಿರ ಅದು. ಊರಿಗೆ ಮರಳಿದ ಮೇಲೆ ಅದೇ ಮನುಷ್ಯ ಲಿತ್‌ಗೋದ ಬಂದೂಕು ಕಾರ್ಖಾನೆಯಲ್ಲಿ, ಬಳಿಕ ಸಿಡ್ನಿಯ ಮಾನಸಿಕ ಆಸ್ಪತ್ರೆಯಲ್ಲಿ ಗುಮಾಸ್ತನಾಗಿ ದುಡಿದು, 1951ರಲ್ಲಿ ಬಹುಮಟ್ಟಿಗೆ ಒಂಟಿಯಾಗಿ ತೀರಿಕೊಂಡ. ಮೊದಲ ಮಹಾಯುದ್ಧದಲ್ಲಿ ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಹೋರಾಡಿದರು. ಮರಳಿದ ಬಿಳಿಯ ಸೈನಿಕರಿಗೆ ಹಂಚಿದ ಜಮೀನು ಅವರಲ್ಲಿ ಬಹುತೇಕರಿಗೆ ಸಿಗಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪ್ಯಾರಮಟ್ಟಾದ ನೆಲವೇ ಒಂದು ರಣರಂಗ. 1797ರಲ್ಲಿ ಬಿಡ್ಜಿಗಲ್ ಜನರ ಪೆಮುಲ್ವುಯ್ ಟೂಂಗಾಬಿಯ ಸರ್ಕಾರಿ ಹೊಲಗಳ ಮೇಲೆ ದಾಳಿ ಮಾಡಿ, ಪ್ಯಾರಮಟ್ಟಾದಲ್ಲಿ ಸೈನಿಕರನ್ನು ಎದುರಿಸಿ, ಗುಂಡೇಟು ತಿಂದು ಬಿದ್ದ. ಸೆರೆಯಿಂದ ತಪ್ಪಿಸಿಕೊಂಡು ಮತ್ತೆ ಹೋರಾಡಿದ. 1802ರಲ್ಲಿ ಅವನನ್ನು ಕೊಂದು, ತಲೆಯನ್ನು ಇಂಗ್ಲೆಂಡಿಗೆ ಸಾಗಿಸಿದರು. ಇಂದು ಕನ್ನಡದ ಮನೆಗಳಿರುವ ಟೂಂಗಾಬಿ ಅದೇ ಟೂಂಗಾಬಿ. ತನ್ನ ನೆಲಕ್ಕಾಗಿ ಕಾದಿ ಸತ್ತವನಿಗೆ ಕನ್ನಡ ನಾಡಿನಲ್ಲಾಗಿದ್ದರೆ ವೀರಗಲ್ಲು ಏಳುತ್ತಿತ್ತು. ಇಲ್ಲಿ ಆ ಯುದ್ಧವನ್ನು ಯುದ್ಧವೆಂದು ಕರೆಯಲೂ ಇನ್ನೂರು ವರ್ಷ ಹಿಡಿಯಿತು.

ವಲಸೆ ಬಂದವರಿಗೆ ಒಂದು ಸುಲಭದ ಆಸೆ ಇರುತ್ತದೆ. ಮೈಸೂರು ಲ್ಯಾನ್ಸರ್ಸ್ ಹೆಸರನ್ನು ಮುಂದಿಟ್ಟು, ಈ ದೇಶಕ್ಕಾಗಿ ನಾವೂ ರಕ್ತ ಕೊಟ್ಟಿದ್ದೇವೆ, ಆದ್ದರಿಂದ ನಮಗೂ ಇಲ್ಲಿ ಹಕ್ಕಿದೆ ಎಂದು ಹೇಳಿಕೊಳ್ಳುವ ಆಸೆ ಅದು. ಅದನ್ನು ಗೇಲಿ ಮಾಡಬೇಕಿಲ್ಲ. ಹೊರಗಿನವರೆನ್ನಿಸಿಕೊಂಡ ನೋವಿನಿಂದ ಹುಟ್ಟಿದ್ದು ಅದು. ಆದರೆ ಮನುಷ್ಯನ ಹಕ್ಕನ್ನು ಹಳೆಯ ರಕ್ತದ ರಸೀದಿ ತೋರಿಸಿ ಪಡೆಯಬೇಕಾಗಿಲ್ಲ. ರಸೀದಿ ತೋರಿಸಲಾಗದ ನಿರಾಶ್ರಿತನ ಗತಿ ಆಗ ಏನು? ಜೊತೆಗೆ, ಸಾಮ್ರಾಜ್ಯದ ಯುದ್ಧವನ್ನು ತೊಳೆದು ಬೆಳ್ಳಗೆ ಮಾಡುವ ಕೆಲಸವೂ ಆ ಮಾತಿನೊಳಗೆ ಸೇರಿಕೊಳ್ಳುತ್ತದೆ. 1918ರ ಡಿಸೆಂಬರ್‌ನಲ್ಲಿ, ಯುದ್ಧ ಮುಗಿದ ಮೇಲೆ, ಇದೇ ರಂಗದ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಸೈನಿಕರು ಸುರಾಫೆಂಡ್ ಎಂಬ ಪ್ಯಾಲೆಸ್ತೀನಿನ ಹಳ್ಳಿಯ ಗಂಡಸರನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ಅದನ್ನೂ ಹೇಳದ ನೆನಪು ಅರ್ಧ ನೆನಪು. 1916ರಲ್ಲಿ ಒಮ್ಮೆ, 1917ರಲ್ಲಿ ಮತ್ತೊಮ್ಮೆ, ಕಡ್ಡಾಯ ಸೇನಾ ಸೇವೆ ಬೇಡವೆಂದು ಆಸ್ಟ್ರೇಲಿಯಾದ ಮತದಾರರು ತೀರ್ಪು ಕೊಟ್ಟರು. ಆ ಮತದ ನೆನಪೂ ಏಪ್ರಿಲ್ 25ಕ್ಕೆ ಸಲ್ಲುತ್ತದೆ. ಮೈಸೂರಿನ ಸವಾರನಿಗೆ ಬೇಕು ಎನ್ನುವುದಕ್ಕಾಗಲಿ ಬೇಡ ಎನ್ನುವುದಕ್ಕಾಗಲಿ ಮತವೇ ಇರಲಿಲ್ಲ.

ಹಾಗಾದರೆ ಮಾಡಬಹುದಾದದ್ದು ಏನು? ಲಾಹೋರ್ ಮ್ಯೂಸಿಯಮ್ಮಿನಲ್ಲಿ ದಶಕಗಳ ಕಾಲ ಬಿದ್ದಿದ್ದ ಹಳೆಯ ನೋಂದಣಿ ಪುಸ್ತಕಗಳಿಂದ ಪಂಜಾಬಿನ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರ ವಿವರಗಳು 2021ರಿಂದ ಊರೂರಿನ ಲೆಕ್ಕದಲ್ಲಿ ಹೊರಬರತೊಡಗಿದವು. ಅದಕ್ಕೆ ಹೆಗಲು ಕೊಟ್ಟವರು ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳು. ತಮ್ಮ ಅಜ್ಜನ ಹೆಸರನ್ನು ಆ ಪಟ್ಟಿಯಲ್ಲಿ ಮೊಮ್ಮಕ್ಕಳು ಕಂಡುಕೊಂಡರು. ವಲಸೆ ಹೋದವರಿಂದ ಇದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ, ಮೈಸೂರು ಸಂಸ್ಥಾನದ ಆಡಳಿತದ ಕಾಗದಪತ್ರಗಳಿವೆ. ಅವುಗಳಲ್ಲಿ ಸೇನೆಗೆ ಸಂಬಂಧಿಸಿದವನ್ನು ಹೆಕ್ಕಿ, ಕನ್ನಡದಲ್ಲಿ ಓದುವಂತೆ ತೆರೆದಿಡಬೇಕೆಂದು ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಸಂಘಗಳು ಸರ್ಕಾರವನ್ನು ಕೇಳಬಹುದು. ಕೆಲಸಕ್ಕೆ ಹಣವನ್ನೂ ತಂತ್ರಜ್ಞಾನವನ್ನೂ ಒದಗಿಸಬಹುದು. ಆ ಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳಗಳನ್ನು ಒತ್ತುತ್ತಿದ್ದರು. ಹಳೆಯ ಟ್ರಂಕಿನ ತಳದಲ್ಲಿ ಕಪ್ಪಾಗಿ ಬಿದ್ದಿರುವ ಒಂದು ಪದಕ, ಒಂದು ಪಿಂಚಣಿ ಪುಸ್ತಕ, ಅಜ್ಜಿ ಹೇಳುತ್ತಿದ್ದ ಒಂದು ಮಾತು: ಇವೆಲ್ಲ ಕಡತದ ಮೊದಲ ಪುಟಗಳು. ಭಾನುವಾರದ ಕನ್ನಡ ಶಾಲೆಯ ಮಕ್ಕಳು ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಕೇಳಿ ಬರೆದುಕೊಂಡು ಬರುವುದು ಯಾವ ಪಠ್ಯಕ್ಕೂ ಕಡಿಮೆಯಲ್ಲದ ಪಾಠ.

ಹಾಗೆ ಸಿಕ್ಕ ಬದುಕು ಸುಂದರವಾಗಿರಲೇಬೇಕೆಂಬ ಹಟ ಬೇಡ. ಬರಗಾಲಕ್ಕೆ ಹೆದರಿ ಸೇರಿದವನಿರಬಹುದು, ಸಾಲಕ್ಕೆ ಸೇರಿದವನಿರಬಹುದು, ಮರಳಿದ ಮೇಲೆ ಯಾರೊಂದಿಗೂ ಮಾತನಾಡದೆ ಉಳಿದವನಿರಬಹುದು. ಅವನು ಹೇಗಿದ್ದನೋ ಹಾಗೆಯೇ ಬರೆಯುವುದು ಅವನಿಗೆ ಸಲ್ಲಿಸಬಹುದಾದ ಗೌರವ.

ಪ್ಯಾರಮಟ್ಟಾದ ಲ್ಯಾನ್ಸರ್ ಬ್ಯಾರಕ್ಸಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಜೋರ್ಡಾನ್ ಕಣಿವೆಯ ಆ ಜುಲೈ ಮುಂಜಾನೆಯ ಅರ್ಧ ಕಥೆ ಇಲ್ಲಿನ ಜನರ ಬಳಿ ಇದೆ. ಉಳಿದ ಅರ್ಧವನ್ನು ತರಬೇಕಾದವರು ಅದರ ಪಕ್ಕದಲ್ಲೇ ದಿನವೂ ರೈಲು ಹತ್ತಿ ಇಳಿಯುತ್ತಿದ್ದಾರೆ. ಮುಂದಿನ ಏಪ್ರಿಲ್ 25ರ ಹೊತ್ತಿಗೆ, ಒಬ್ಬ ಸವಾರನ ಹೆಸರು, ಅವನ ಊರು, ಅವನ ಮನೆಯವರ ಹೆಸರು ಇಷ್ಟನ್ನಾದರೂ ಕನ್ನಡದಲ್ಲಿ ಓದಿ ಹೇಳುವಂತಾದರೆ, ಮಗುವಿನ ಎರಡನೆಯ ಪ್ರಶ್ನೆಗೆ ಉತ್ತರ ಆರಂಭವಾದಂತೆ.